ಬಿಳಿ ಕಾಲರಿನ ಮೇಲೆ ಕೆಂಪು ಚುಕ್ಕೆ

ಆ ಮನೆಯ ಮುಂಗೋಣೆಯಲ್ಲಿ ಮೂರು ಹೊಲಿಗೆ ಯಂತ್ರಗಳಿದ್ದವು, ಬಟ್ಟೆ ಕತ್ತರಿಸುವ ಉದ್ದನೆಯ ಮೇಜಿತ್ತು, ಯಾರೂ ಮೀರಲಾಗದ ಒಂದು ಕಟ್ಟಳೆಯೂ ಇತ್ತು: ಜಿಡ್ಡು ಸೋಕಿದ ಕೈ ಬಟ್ಟೆಯನ್ನು ಮುಟ್ಟಕೂಡದು. ಕಟ್ಟಳೆ ಮಾಡಿದವಳು ಅತ್ತೆ. ಬಿಳಿಯ ಸಮವಸ್ತ್ರಗಳನ್ನು ಹೊಲಿದು ಬದುಕುವ ಮನೆಯಲ್ಲಿ ಅದನ್ನು ತಪ್ಪೆನ್ನುವಂತಿರಲಿಲ್ಲ. ಆದರೆ ಅತ್ತೆ ಅಷ್ಟಕ್ಕೇ ಬಿಟ್ಟವಳಲ್ಲ. ಯಂತ್ರದ ಮುಂದೆ ಕೂರುವ ಮುನ್ನ ಪ್ರತಿ ಸಲವೂ ಹೊಗೆಯಾಡುವ ಬಿಸಿನೀರಿನಲ್ಲಿ, ಬಟ್ಟೆ ಒಗೆಯುವ ಪುಡಿ ಹಾಕಿ ಕೈ ತಿಕ್ಕಿಕೊಳ್ಳಬೇಕು. "ಉಜ್ಜಿದ್ರೆ ಬೆರಳು ಕಿರ್ ಅನ್ನಬೇಕು" ಎಂಬುದು ಅವಳ ಪರೀಕ್ಷೆ.

ಸೊಸೆಯ ಕೈ ಬೇಸಿಗೆಯಲ್ಲಿ ಇದನ್ನು ಹೇಗೋ ತಾಳಿಕೊಂಡಿತ್ತು. ಚಳಿಗಾಲ ಕಾಲಿಟ್ಟದ್ದೇ ತಡ, ಬೆರಳ ತುದಿಗಳು ಬಿರಿದವು. ಗುಂಡಿ ತೂರಿಸುವ ಕಾಜಾಗಳನ್ನು ಕೈಯಲ್ಲೇ ಹೊಲಿಯುವುದು ಅವಳ ಪಾಲಿನ ಕೆಲಸ. ಆ ಮನೆಯಲ್ಲಿ ಅವಳಿಗೊಂದು ಬೆಲೆ ತಂದುಕೊಟ್ಟದ್ದೂ ಅದೇ. ಈಗ ಸೂಜಿ ಹಿಡಿದರೆ ಪ್ರಾಣ ಹಿಂಡಿದಂತಾಗುತ್ತಿತ್ತು. ಸುಲಿದ ಚರ್ಮಕ್ಕೆ ದಾರ ಸಿಕ್ಕಿಕೊಳ್ಳುತ್ತಿತ್ತು.

"ಅತ್ತೆ, ಮಲಗೋವಾಗಲಾದ್ರೂ ಒಂಚೂರು ಮುಲಾಮು ಹಚ್ಕೊಳ್ಳಲಾ?"

"ಹಚ್ಕೋ, ಬೆಳಿಗ್ಗೆ ಜಿಡ್ಡು ಕೈಲಿ ಬಂದು ಕಾಲರ್ ಹಾಳು ಮಾಡು! ಚಳಿ ಅಂದ್ಮೇಲೆ ಕೈ ಒಡೆಯೋದೇ. ನೀನೇನು ಬೆಣ್ಣೇಲಿ ಮಾಡಿದ ಗೊಂಬೆನಾ?"

"ಅಮ್ಮನ ಹತ್ರ ವಾದ ಮಾಡಿ ಗೆದ್ದೋರು ಇನ್ನೂ ಹುಟ್ಟಿಲ್ಲ ಕಣೇ" ಎಂದು ಗಂಡ ಇಸ್ತ್ರಿಪೆಟ್ಟಿಗೆಯ ಹಿಂದಿನಿಂದ ನಕ್ಕ. ಅವಳಿಗೆ ಆ ನಗು ಬಿರುಕಿಗಿಂತ ಹೆಚ್ಚು ಉರಿಯಿತು.

ಕೊನೆಗೆ ಅತ್ತೆಯೇ ಒಂದು ಉಪಾಯ ಮಾಡಿದಳು. ಕಾಲರಿನೊಳಗೆ ಗಡಸು ಬಟ್ಟೆ ಅಂಟಿಸುವ ಗೋಂದನ್ನು ಕಡ್ಡಿಯ ತುದಿಯಲ್ಲಿ ತೆಗೆದು ಸೊಸೆಯ ಬಿರುಕುಗಳಿಗೆ ತುಂಬಿದಳು. ಗೋಂದು ಒಣಗಿದ ಮೇಲೆ ದಾರ ಸಿಕ್ಕಿಕೊಳ್ಳಲಿಲ್ಲ, ನಿಜ. ಆದರೆ ವಾರ ಕಳೆಯುವುದರೊಳಗೆ ಹೆಬ್ಬೆರಳು ಕೆಂಪಗೆ ಊದಿ, ಒಳಗೊಳಗೇ ಮಿಡಿಯತೊಡಗಿತು.

ಹೀಗಿರುವಾಗ, ಹೊಲಿಯಲು ಕೊಟ್ಟಿದ್ದ ಸಮವಸ್ತ್ರ ಒಯ್ಯಲು ಆಸ್ಪತ್ರೆಯ ನರ್ಸಮ್ಮ ಬಂದರು. ಬಟ್ಟೆಯನ್ನು ಬಿಡಿಸಿ ಕಿಟಕಿಯ ಬೆಳಕಿಗೆ ಹಿಡಿದರು. ಬಿಳಿ ಕಾಲರಿನ ಮೇಲೆ, ಕಾಜಾದ ಪಕ್ಕದಲ್ಲೇ, ಕೆಂಪು ಚುಕ್ಕೆ.

"ರಕ್ತ ನನಗೆ ಹೊಸದಲ್ಲ. ಆದ್ರೆ ಬಟ್ಟೆ ಮೈಮೇಲೆ ಹಾಕೋಕೆ ಮುಂಚೇನೇ?" ಎಂದರು.

ಅತ್ತೆಯ ಪಿತ್ತ ನೆತ್ತಿಗೇರಿತು. "ಮಾಡಿಟ್ಟಳು ನೋಡಿ! ಸಾಕು, ಇನ್ಮೇಲೆ ಕಾಜಾ ಕೆಲಸ ಹೊರಗಿನೋರಿಗೆ ಕೊಡ್ತೀನಿ."

ಸೊಸೆ ಅಷ್ಟು ದಿನ ಹಲ್ಲು ಕಚ್ಚಿ ತಡೆದಿದ್ದ ಮಾತು ಆಗ ಕಟ್ಟೆಯೊಡೆಯಿತು.

"ಕಾಲರ್ ಮೇಲಿನ ಚುಕ್ಕೆ ಎಲ್ಲರಿಗೂ ಕಾಣ್ಸುತ್ತೆ. ಅದು ಬಂದಿದ್ದು ನನ್ನ ಕೈಯಿಂದ ಅನ್ನೋದು ಮಾತ್ರ ಯಾರಿಗೂ ಕಾಣ್ಸಲ್ಲ, ಅಲ್ವಾ?"

ಇಸ್ತ್ರಿಪೆಟ್ಟಿಗೆ ನಿಂತಿತು. ನರ್ಸಮ್ಮ ಬಟ್ಟೆಯನ್ನು ಬದಿಗಿಟ್ಟು ಅವಳ ಕೈ ಹಿಡಿದು ನೋಡಿದರು.

"ಇದೇನು ಹೊಳೀತಿರೋದು?"

"ಗೋಂದು."

"ಗೋಂದಾ! ಇದು ಕೈ ಕಣ್ರೀ, ಕಾಲರ್ ಅಲ್ಲ! ಒಳಗೆ ಕೀವು ತುಂಬ್ತಿದೆ. ಈಗಲೇ ನನ್ನ ಜೊತೆ ಆಸ್ಪತ್ರೆಗೆ ಬರಬೇಕು ಇವಳು."

"ಅಯ್ಯೋ, ದೊಡ್ಡದು ಮಾಡ್ಬೇಡಿ ನರ್ಸಮ್ಮ. ನಾನೂ ಇಷ್ಟು ವರ್ಷ ಹೀಗೇ ದುಡಿದಿಲ್ವಾ? ನಂಗೇನಾಗಿದೆ?"

"ಏನಾಗಿದೆ ಅಂತ ಕೈ ತೋರ್ಸಿ, ನೋಡೋಣ."

ಅತ್ತೆ ಎರಡೂ ಕೈಗಳನ್ನು ಮೇಜಿನ ಮೇಲಿದ್ದ ಬಟ್ಟೆಯಡಿ ಸರಿಸಿದಳು. ನರ್ಸಮ್ಮ ಬಿಡಲಿಲ್ಲ, ಒಂದೊಂದಾಗಿ ಹೊರಗೆಳೆದರು. ಬೆರಳ ತುದಿಗಳಲ್ಲಿ ಗೋಂದಿನ ಮೇಲೆ ಗೋಂದು, ಹಳೆಯ ಬಿರುಕಿನ ಮಗ್ಗುಲಲ್ಲಿ ಹೊಸ ಬಿರುಕು. ಒಂದೇ ಮೇಜಿನಲ್ಲಿ ಎದುರುಬದುರು ದುಡಿದೂ ಸೊಸೆ ಆ ಕೈಗಳನ್ನು ಹೀಗೆ ನೋಡಿರಲಿಲ್ಲ.

"ನೋಯಲ್ವಾ?" ನರ್ಸಮ್ಮ ಮೆಲ್ಲನೆ ಕೇಳಿದರು.

"ನೋಯದೆ ಏನು? ಹೊದಿಕೆ ತಾಕಿದ್ರೂ ಎಚ್ಚರ ಆಗುತ್ತೆ" ಎಂದಳು ಅತ್ತೆ. ಮರುಕ್ಷಣವೇ ಅವಳ ದನಿ ಗಡುಸಾಯಿತು. "ಎಷ್ಟು ಜನ ಬಂದು ಬಟ್ಟೆ ಬಿಳೀ ಇದೆಯಾ ಅಂತ ನೋಡಿದ್ರು! ಒಬ್ಬರಾದ್ರೂ ಈ ಕೈ ನೋಡಿ ಒಂದು ಮಾತು ಹೇಳ್ಲಿಲ್ವಲ್ಲ!"

"ಈಗ ನಾನು ಹೇಳ್ತೀನಿ, ಕೇಳಿ. ಚರ್ಮದಲ್ಲಿ ಅದರದ್ದೇ ಒಂದು ಜಿಡ್ಡಿರುತ್ತೆ. ಅದೇ ಅದಕ್ಕೆ ಕಾವಲು. ಚಳಿಗಾಲದ ಒಣಗಾಳಿ ಅದನ್ನ ಮೊದಲೇ ಹೀರುತ್ತೆ. ಉಳಿದಿದ್ದನ್ನ ನಿಮ್ಮ ಕುದಿಯೋ ನೀರು, ಒಗೆಯೋ ಪುಡಿ ತೊಳೆದುಹಾಕುತ್ತೆ. ಉಗುರುಬೆಚ್ಚಗಿನ ನೀರು, ಮೆತ್ತನೆ ಸೋಪು ಸಾಕು. ಉಜ್ಜಬೇಡಿ, ಒತ್ತಿ ಒರೆಸಿ. ತೇವ ಇನ್ನೂ ಇರೋವಾಗಲೇ ಪೆಟ್ರೋಲಿಯಂ ಜೆಲ್ಲಿ ಹಚ್ಚಿ."

"ಆಮೇಲೆ ಬಟ್ಟೆ?" ಅತ್ತೆ ಸೋಲುವವಳಲ್ಲ.

"ಮಲಗೋವಾಗ ದಪ್ಪಗೆ ಹಚ್ಚಿ, ಮೇಲೆ ಹತ್ತಿಬಟ್ಟೆ ಕೈಗವಸು ಹಾಕ್ಕೊಳ್ಳಿ. ಬೆಳಿಗ್ಗೆ ಮೆತ್ತನೆ ಸೋಪಲ್ಲಿ ತೊಳೆದು, ಮೊದಲು ಒಂದು ಚಿಂದಿ ಮೇಲೆ ಬೆರಳು ಒತ್ತಿ ನೋಡಿ. ಕಲೆ ಬಿದ್ರೆ ನನ್ನನ್ನ ಬೈರಿ."

ಅಂದು ಸೊಸೆ ಆಸ್ಪತ್ರೆಯಿಂದ ಹೆಬ್ಬೆರಳಿಗೆ ಪಟ್ಟಿ ಕಟ್ಟಿಸಿಕೊಂಡು ಬಂದಾಗ, ಗಂಡ ಪಾತ್ರೆ ತೊಳೆಯುತ್ತಿದ್ದ. ಅತ್ತೆ ಉಳಿಕೆ ಬಿಳಿಬಟ್ಟೆಯನ್ನು ಮೇಜಿನ ಮೇಲೆ ಹರಡಿ, "ಕೈ ಇಡು ಇಲ್ಲಿ" ಎಂದಳು. ನೀಲಿ ಸೀಮೆಸುಣ್ಣದಿಂದ ಬೆರಳುಗಳ ಸುತ್ತ ಗೆರೆ ಎಳೆದಳು. ಪಟ್ಟಿ ಕಟ್ಟಿದ ಹೆಬ್ಬೆರಳಿಗೆ ಒಂದಿಷ್ಟು ಅಗಲ ಬಿಟ್ಟಳು.

"ಕಾಜಾ ಕೆಲಸ ಯಾರಿಗೆ ಕೊಡ್ತೀರಿ ಅತ್ತೆ?"

"ಯಾರಿಗೂ ಇಲ್ಲ. ನಿನ್ನ ಬೆರಳು ವಾಸಿಯಾಗೋವರೆಗೆ ಕಾಯುತ್ತೆ" ಎಂದು ಅತ್ತೆ ಕತ್ತರಿಯೆತ್ತಿಕೊಂಡಳು. "ಇನ್ನೊಂದು ಜೊತೆ ನನಗೆ. ಗೆರೆ ನೀನು ಎಳಿ."

ಓದುಗರೇ, ಚಳಿಗಾಲದಲ್ಲಿ ಕೈ ಒಡೆಯುವುದು ಯಾರ ಹಣೆಬರಹವೂ ಅಲ್ಲ. ಬಿರುಕಿಗೆ ಗೋಂದು, ಮೇಣ, ಸುಣ್ಣ ತುಂಬಬೇಡಿ. ತುಟಿ, ಹಿಮ್ಮಡಿ, ಮಕ್ಕಳ ಕೆನ್ನೆಗಳಿಗೂ ಜೆಲ್ಲಿ ಹಚ್ಚಲು ಮರೆಯಬೇಡಿ. ಊತ, ಕೀವು, ವಾಸಿಯಾಗದ ಬಿರುಕು ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಿ. ಈ ಹಾಳೆಯನ್ನು ಕೆಳಗಿಡುವ ಮೊದಲು, ನಿಮ್ಮ ಮನೆಯಲ್ಲಿ ಪಾತ್ರೆ ತೊಳೆಯುವ, ಬಟ್ಟೆ ಒಗೆಯುವ, ಸೂಜಿ ಹಿಡಿಯುವ ಕೈಯನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡಿ. ಅದು ನಿಮ್ಮದೇ ಕೈಯಾಗಿದ್ದರೆ, ಬಚ್ಚಿಡಬೇಡಿ.