ಮೇಲಕ್ಕೆ ಹೋದ ನೀರು

ಚಟ್ಟ ಹೊತ್ತವರು ಬದುವಿನ ತಿರುವಿನಲ್ಲಿ ಗಕ್ಕನೆ ನಿಂತರು. ಬೆಳಿಗ್ಗೆ ಒಣಗಿದ್ದ ಗದ್ದೆ ಈಗ ಮೊಣಕಾಲುದ್ದ ಕೆಸರು. ಅದರಾಚೆ ನಾಗಯ್ಯನ ಸ್ವಂತ ಜಮೀನು, ಗುಂಡಿ ತೆಗೆದಾಗಿತ್ತು. ಹೊತ್ತು ಮುಳುಗುವುದರೊಳಗೆ ಮಣ್ಣಾಗಬೇಕು. ಗದ್ದೆಯ ಒಡೆಯ ಕೆಂಪರಾಜು ಸಲಿಕೆ ಹಿಡಿದು ತೂಬಿನ ಬಳಿ ನಿಂತಿದ್ದ. ಸತ್ತ ನಾಗಯ್ಯನ ದೊಡ್ಡಪ್ಪನ ಮಗ. ಸೂತಕ ಅವನಿಗೂ ಉಂಟು, ಮಾತು ಮಾತ್ರ ಬಿಟ್ಟು ಎಷ್ಟೋ ಕಾಲವಾಗಿತ್ತು.

"ಹೆಣದ ಮೇಲೂ ಹಗೆಯಾ ಭಾವ?" ನಾಗಯ್ಯನ ಬಾಮೈದ ಪುಟ್ಟಸ್ವಾಮಿ ಕೂಗಿದ. "ಸುತ್ಕೊಂಡೋದ್ರೆ ಕತ್ಲಾಯ್ತದೆ."

"ನನ್ ಗದ್ದೆ, ನನ್ ಸರದಿ ನೀರು. ನಾಲೆ ನೀರ್ನ ಮೋಡಕ್ಕೆ ಕುಡ್ಸಿದೋನು ಅವ್ನು. ಮೋಡದ್ ಮೇಲೇ ಓಗ್ಲಿ!"

ದೂರದಲ್ಲಿ ಸಕ್ಕರೆ ಕಾರ್ಖಾನೆಯ ಕೂಲಿಂಗ್ ಟವರ್ ಬೆಳ್ಳಗೆ ಆವಿ ಬಿಡುತ್ತಿತ್ತು. ನಾಗಯ್ಯನ ಆಯುಸ್ಸೆಲ್ಲ ಅದರ ಬುಡದಲ್ಲೇ ಕಳೆದಿತ್ತು.

*

"ಲೇ ನಾಗಯ್ಯ, ನಾಲೆ ನೀರ್ನ ಯಾಕ್ಲಾ ಆಕಾಸಕ್ಕೆ ಊದ್ತೀರಿ?" ಟೀ ಅಂಗಡಿಯಲ್ಲಿ ಕೆಂಪರಾಜು ಕೇಳಿದ್ದ.

ನಾಗಯ್ಯ ಬಿಸಿ ಟೀಯನ್ನು ಲೋಟದಿಂದ ಲೋಟಕ್ಕೆ ಎತ್ತಿ ಹುಯ್ದ. "ಕಬ್ಬಿನ್ ಸಿಪ್ಪೆ ಉರ್ಸಿ ಕರೆಂಟು ಮಾಡಿದ್ ಹಬೆ ತಣ್ಣಗಾಗಾಕೆ ನೀರು ಬೇಕು ಕಣಣ್ಣ. ಆ ನೀರು ಕಾಯ್ತದೆ. ಕಾದಿದ್ನ ನಾಲೆಗೇ ಬುಟ್ರೆ ದಿನಾ ಒಸ ನೀರು ಎಳೀಬೇಕು, ನಿನ್ ಪೈರೂ ಬೇಯ್ತದೆ. ಅದ್ಕೇ ಟವರ್‌ನಾಗೆ ಇಂಗೆ ಹನಿಹನಿ ಬೀಳಿಸ್ತೀವಿ. ಒಸಿ ಆವಿಯಾಗಿ ಬಿಸಿನ ತಕ್ಕೊಂಡೋಯ್ತದೆ. ಮಿಕ್ಕಿದ್ದು ತಣ್ಗಾಗಿ ತಿರ್ಗ ಅದೇ ಕೆಲ್ಸಕ್ಕೆ ಬತ್ತದೆ."

"ಒಸಿ ಓಯ್ತದೆ ಅಂದ್ಯಾ?"

"ಓಯ್ತದೆ. ಇಲ್ಲ ಅಂತ ಹೆಂಗೇಳ್ಲಿ?"

ಅಷ್ಟೇ ಸಾಕಾಯಿತು. ಆ ಬೇಸಿಗೆ ನಾಲೆಯ ಕೊನೆಯ ಗದ್ದೆಗಳಿಗೆ ನೀರು ಬರಲಿಲ್ಲ. ಕೆಂಪರಾಜುವಿಗೆ ಕಳ್ಳ ಸಿಕ್ಕಿದ್ದ. ನಾಗಯ್ಯ ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ಆ ಪುಣ್ಯಾತ್ಮನಿಗೆ ಅದೊಂದು ಬರುತ್ತಿರಲಿಲ್ಲ.

*

ನಾಗಯ್ಯನ ಮಗಳು ನಾಗಶ್ರೀ ಸೀರೆ ಎತ್ತಿಕಟ್ಟಿ ಕೆಸರಿಗಿಳಿದಳು. ಗಂಡಸರು ಬೇಡವೆಂದರೂ ಕೇಳದೆ ಕೆಂಪರಾಜುವಿನ ಎದುರು ಹೋಗಿ ನಿಂತಳು.

"ದೊಡ್ಡಪ್ಪ, ಆಸ್ಪತ್ರೇಲಿ ನಾನೇ ಅಪ್ಪಂಗೆ ಅಂದೆ. ಆವಿ ಎಲ್ಲಾ ತಿರ್ಗ ನಾಲೆಗೇ ಬೀಳ್ತದೆ ಅಂತ ದೊಡ್ಡಪ್ಪಂಗೆ ಏಳ್ಬುಡು, ನೋಡಾಕೆ ಬತ್ತಾನೆ ಅಂತ."

ಸಲಿಕೆ ಅಲುಗಲಿಲ್ಲ. "ಏನಂದ?"

"ನಂಗಿರೋನು ಒಬ್ನೇ ಅಣ್ಣ, ಅವಂಗೆ ಸುಳ್ಳೇಳಾಕಿಲ್ಲ ಅಂದ. ಕೊನೇ ದಿನಾನೂ ಬಾಗ್ಲು ಕಡೇನೇ ನೋಡ್ತಿದ್ದ ಕಣ್ ದೊಡ್ಡಪ್ಪ."

ಕೆಂಪರಾಜು ಮಣ್ಣು ಎತ್ತೆತ್ತಿ ಹಾಕಿ ತೂಬು ಮುಚ್ಚಿದ. ನೀರು ನಿಂತಿತು, ಕೆಸರು ಎಲ್ಲಿಗೆ ಹೋದೀತು? ಸಲಿಕೆ ಎಸೆದು ಚಟ್ಟದ ಬಳಿ ಬಂದು, "ಸರ್ಕೋ" ಎಂದು ಪುಟ್ಟಸ್ವಾಮಿಯನ್ನು ಪಕ್ಕಕ್ಕೆ ದೂಡಿ ಮುಂದಿನ ಬಿದಿರಿಗೆ ಹೆಗಲು ಕೊಟ್ಟ.

ತಾನೇ ಮಾಡಿದ ಕೆಸರಿನಲ್ಲಿ ಒಂದು ಕಾಲು ಕಿತ್ತು ಇನ್ನೊಂದು ಹೂಳುತ್ತ, ತಮ್ಮ ನಾಗಯ್ಯ ಯಾವ ಕಡೆಗೂ ವಾಲದಂತೆ ಎರಡು ಕೈಯಲ್ಲೂ ಬಿದಿರನ್ನು ಅವುಚಿಕೊಂಡು ನಡೆದ.