ಲಿಪಾವ್ಕಕ್ಕೆ ಐದನೆಯವರು ಬೇಕು

ಆಗಸ್ಟ್ ತಿಂಗಳ ಆ ಬುಧವಾರ ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ ವಿಡ್ರೋವ್ ಪಟ್ಟಣದ ಚುನಾವಣಾ ಕಚೇರಿಯ ಅರ್ಜಿ ಕಿಟಕಿಯಿಂದ ಫೋನ್ ಬಂತು. ನಾನು ನಮ್ಮ ಲಿಪಾವ್ಕ ಗ್ರಾಮ ಕಚೇರಿಯಲ್ಲಿ ಉಪ್ಪಿನಕಾಯಿಗೆಂದು ಸೌತೆಕಾಯಿ ತೊಳೆಯುತ್ತಿದ್ದೆ. ಕಚೇರಿಯಲ್ಲಿ ಸೌತೆಕಾಯಿಯೇ ಎಂದು ಯಾರೂ ಹುಬ್ಬೇರಿಸಬೇಕಾಗಿಲ್ಲ. ಎಂಬತ್ತಮೂರು ಜನರ ಊರಿಗೆ ನಾನೊಬ್ಬಳೇ ಗುಮಾಸ್ತೆ, ವಾರಕ್ಕೆ ಎರಡು ದಿನ ಬಾಗಿಲು ತೆರೆಯುತ್ತೇನೆ, ಮತ್ತು ಇಡೀ ಊರಿನಲ್ಲಿ ದೊಡ್ಡ ತೊಟ್ಟಿ ಇರುವುದು ಕಚೇರಿಯಲ್ಲೇ.

"ಲಿಬೂಶಾ ಅವರೇ, ನಿಮ್ಮ ಪಟ್ಟಿಯಲ್ಲಿ ಐದು ಜನ ಅಭ್ಯರ್ಥಿಗಳಿದ್ದಾರೆ ನೋಡಿ," ಎಂದಳು ಕಿಟಕಿಯ ಹುಡುಗಿ. "ಅದರಲ್ಲಿ ರೊಸ್ಟಾ ಅನ್ನೋರು ನಿಮ್ಮೂರಿನವರೇ ಅಲ್ಲ."

"ಅಲ್ಲ ಅಂದ್ರೆ? ಬೆಳಿಗ್ಗೆ ತಾನೇ ನನ್ನ ಬೇಲಿ ಪಕ್ಕ ನಿಂತು ಸಿಗರೇಟು ಸೇದ್ತಿದ್ದ!"

"ಸೇದಿರಬಹುದು. ಕಾಯಂ ವಿಳಾಸ ಮಾತ್ರ ಏಪ್ರಿಲ್‌ನಿಂದ ಬ್ರ್ನೋ ನಗರದಲ್ಲಿದೆ. ಹೊಸ ಹೆಸರು ಸೇರಿಸೋಕೆ ಇವತ್ತೇ ಕೊನೆ. ನಾಲ್ಕು ಗಂಟೆಗೆ ಕಿಟಕಿ ಮುಚ್ತೀನಿ."

ಸೌತೆಕಾಯಿ ಕೈಯಿಂದ ಜಾರಿ ತೊಟ್ಟಿಗೆ ಬಿತ್ತು. ಡ್ರಾಯರ್ ಎಳೆದು ನೋಡಿದೆ. ಏಪ್ರಿಲ್‌ನ ವಿಳಾಸ ಬದಲಾವಣೆಯ ಕಾಗದ ಅಲ್ಲೇ ಇತ್ತು, ಬೀಜದ ಪೊಟ್ಟಣಗಳ ಕೆಳಗೆ, ನಾನೇ ಮೊಹರು ಹಾಕಿ ಇಟ್ಟಿದ್ದು. ರೊಸ್ಟಾಗೆ ಫೋನ್ ಮಾಡಿದರೆ ಅವನು ಏನೂ ಆಗದವನ ಹಾಗೆ ಹೇಳಿದ:

"ಅಯ್ಯೋ, ಅದು ಪಾರ್ಕಿಂಗ್‌ಗೆ ಕಣಕ್ಕ. ಅಲ್ಲಿ ವಿಳಾಸ ಇಲ್ಲದೇ ಇದ್ರೆ ನನ್ನ ಹುಡುಗಿ ಮನೆ ಮುಂದೆ ಕಾರು ನಿಲ್ಲಿಸೋಕೆ ಬಿಡಲ್ಲ. ನಾನೇನು ಊರು ಬಿಟ್ಟು ಹೋದ್ನಾ?"

"ಕಾಗದದಲ್ಲಿ ಹೋಗಿದೀಯ ಕಣೋ! ನಿನ್ನ ಕಾರು ನಿಲ್ಲಿಸೋಕೆ ಜಾಗ ಸಿಕ್ತು, ನಮ್ಮೂರು ಎಲ್ಲಿ ನಿಲ್ಲಬೇಕು?"

ಕೂಗಾಟ ಕೇಳಿ ಪಕ್ಕದ ಕೋಣೆಯಿಂದ ಹಿನೆಕ್ ಬಂದ. ನಾಲ್ಕು ಅವಧಿಯಿಂದ ನಮ್ಮ ಮೇಯರ್. ಎರಡೂ ಮೊಣಕಾಲು ಹೋಗಿವೆ, ಹಟ ಮಾತ್ರ ಹೋಗಿಲ್ಲ. ವಿಷಯ ತಿಳಿದ ಮೇಲೆ ಕುರ್ಚಿಯಲ್ಲಿ ಕುಸಿದು, "ನಾಲ್ಕೇ ಜನ," ಎಂದ. ಮುಂದೆ ಹೇಳುವ ಅಗತ್ಯವಿರಲಿಲ್ಲ. ಐದು ಅಭ್ಯರ್ಥಿಗಳಿಲ್ಲದ ಊರಿಗೆ ಚುನಾವಣೆಯೇ ಇಲ್ಲ. ಕೌನ್ಸಿಲ್ ಇಲ್ಲ, ಮೇಯರ್ ಇಲ್ಲ; ರಾಜಧಾನಿಯಿಂದ ಒಬ್ಬ ಆಡಳಿತಾಧಿಕಾರಿ ಬರುತ್ತಾನೆ, ಅವನ ಹಿಂದೆಯೇ ನಮ್ಮನ್ನು ನುಂಗಲು ವಿಡ್ರೋವ್ ಪಟ್ಟಣ ಬಾಯಿ ತೆರೆದುಕೊಂಡು ಬರುತ್ತದೆ.

ಆ ಬಾಯಿಯ ರುಚಿ ನಮಗೆ ಗೊತ್ತು. ಎಪ್ಪತ್ತಾರರಿಂದ ತೊಂಬತ್ತರವರೆಗೆ ಹದಿನಾಲ್ಕು ವರ್ಷ ನಮ್ಮನ್ನು ವಿಡ್ರೋವ್‌ಗೆ ಸೇರಿಸಿದ್ದರು. ಶಾಲೆ ಮುಚ್ಚಿದರು. ನಾವು ಕುಣಿಯುತ್ತಿದ್ದ ಸಭಾಂಗಣದಲ್ಲಿ ಆಲೂಗಡ್ಡೆ ತುಂಬಿದರು. ನಮ್ಮ ಕೆರೆಯನ್ನು ಪಟ್ಟಣದ ಕಸ ಹಾಕಿ ಮುಚ್ಚಲು ಹೊರಟಿದ್ದರು. ತೊಂಬತ್ತರಲ್ಲಿ ನಾನೂ ಹಿನೆಕ್‌ನೂ ಮನೆ ಮನೆ ಸುತ್ತಿ ಸಹಿ ಹಾಕಿಸಿ ಊರನ್ನು ಬಿಡಿಸಿಕೊಂಡೆವು. ಆ ದಿನ ಅವನು ಕೆರೆ ಏರಿಯ ಮೇಲೆ ನಿಂತು ಎಲ್ಲರ ಎದುರಿಗೆ ಅತ್ತಿದ್ದ. ಈಗ ಆ ಊರು ಒಂದು ಪಾರ್ಕಿಂಗ್ ಚೀಟಿಗೆ ಹೋಗುವುದೆಂದರೆ ನನಗೆ ಮೈಯೆಲ್ಲ ಉರಿಯಿತು.

ಮತದಾರರ ಪಟ್ಟಿ ತೆಗೆದು ಮೇಜಿನ ಮೇಲೆ ಬಡಿದೆ. ಅಗ್ನಿಶಾಮಕ ದಳದ ಮಾತೌಶ್‌ನನ್ನೂ ಕೂಗಿ ಕರೆದೆ, ನನ್ನ, ಹಿನೆಕ್‌ನ ಹಾಗೆ ಅವನೂ ಅಭ್ಯರ್ಥಿಯೇ. ನಾಲ್ಕನೆಯವಳು ಬ್ಲಾಂಕಾ, ಕ್ರೊಯೇಷಿಯಾದ ಸಮುದ್ರ ತೀರದಲ್ಲಿ ಮಲಗಿದ್ದಳು, ಪುಣ್ಯಕ್ಕೆ ಮೊದಲೇ ಸಹಿ ಹಾಕಿ ಹೋಗಿದ್ದಳು. ಮೂವರೂ ಒಂದೊಂದು ಫೋನ್ ಹಿಡಿದೆವು.

"ನನಗೆ ಆಡುಗಳಿವೆ," ಎಂದಳು ಜ್ಡೆಂಕಾ.

"ಆಡು ಇರೋರು ನಿಲ್ಲಬಾರದು ಅಂತ ಯಾವ ಕಾನೂನಿದೆಯಮ್ಮ?"

"ಮೇಯರ್ ಆದ್ರೆ ಎಲ್ಲರ ನಾಯಿ, ಎಲ್ಲರ ಚರಂಡಿ ನನ್ನ ತಲೆ ಮೇಲೆ ಬರುತ್ತೆ. ಹಿನೆಕ್‌ನ ಮೊಣಕಾಲು ನೋಡು."

ಮೇಲುಕೇರಿಯ ವಾಲ್ಟ್ರ್ ಗೋಧಿ ಕೊಯ್ಲಿನ ಯಂತ್ರದ ಮೇಲಿದ್ದ, ಯಂತ್ರದ ಗದ್ದಲದಲ್ಲಿ "ಮಳೆ ಬರ್ತಾ ಇದೆ, ಮಳೆ!" ಎಂದಷ್ಟೇ ಕೇಳಿಸಿತು. ಅವನ ತಮ್ಮನೋ, ಕೆಳಕೇರಿಯವರು ಯಾರಾದರೂ ಪಟ್ಟಿಯಲ್ಲಿದ್ದರೆ ತಾನು ಬರುವುದಿಲ್ಲವೆಂದ. ಕೆಳಕೇರಿಯವರು ಮೇಲುಕೇರಿಯ ಬಗ್ಗೆ ಅದನ್ನೇ ಹೇಳಿದರು. ಮಾತೌಶ್ ಪಬ್ಬಿಗೇ ಓಡಿಹೋಗಿ ಬಂದ. ದಿನವೂ ಅಲ್ಲಿ ಕೂತು ದೇಶ ನಡೆಸುವವರು ಆ ಹೊತ್ತಿಗೆ ಬಿಯರ್ ಲೋಟದೊಳಗೆ ಕಣ್ಣು ನೆಟ್ಟುಬಿಟ್ಟರಂತೆ. ಎರಡೂ ಮುಕ್ಕಾಲಿಗೆ ಪಟ್ಟಿಯಲ್ಲಿದ್ದ ಅರವತ್ತನಾಲ್ಕು ಹೆಸರುಗಳನ್ನೂ ಹೊಡೆದು ಹಾಕಿದ್ದೆವು. ಹಾಗೆಂದುಕೊಂಡಿದ್ದೆವು.

"ಏನದು, ಇಷ್ಟೊಂದು ಕೂಗಾಟ? ನನ್ನ ಅಂಗಡಿಯೊಳಗೆ ಕೇಳಿಸ್ತಾ ಇದೆ," ಎಂದು ಬಾಗಿಲಲ್ಲಿ ನಿಂತಿದ್ದಳು ಮಿಲೇನಾ. ಅವಳ ನಿಜವಾದ ಹೆಸರು ಅದಲ್ಲ. ವಿಯೆಟ್ನಾಮಿನಿಂದ ಬಂದವಳು, ಕಚೇರಿಯ ಎದುರಿಗೇ ಅಂಗಡಿ. ಬೆಳಿಗ್ಗೆ ಆರಕ್ಕೆ ಬ್ರೆಡ್ಡಿನ ಪೆಟ್ಟಿಗೆ ಇಳಿಸಿಕೊಳ್ಳುವುದರಿಂದ ಹಿಡಿದು ಊರಿನ ಟಪಾಲು, ಅಜ್ಜಿಯರ ಔಷಧಿ, ಎಲ್ಲ ಅವಳ ಕೈಯಲ್ಲೇ. ಮೂವರೂ ಒಟ್ಟಿಗೆ ಮಾತಾಡಿ ಕಥೆ ಹೇಳಿದೆವು.

"ಅಷ್ಟೇನಾ? ನಾನಿದೀನಲ್ಲ," ಎಂದಳು.

ಹಿನೆಕ್ ಅವಳ ಕೈ ತಟ್ಟಿದ, ಮಗುವಿಗೆ ತಟ್ಟುವ ಹಾಗೆ. "ನಿನ್ನ ಮನಸ್ಸು ಚಿನ್ನ ಕಣಮ್ಮ. ಆದ್ರೆ ಅದಕ್ಕೆ ಇಲ್ಲಿನ ಪ್ರಜೆ ಆಗಿರಬೇಕು."

ಮಿಲೇನಾ ಏಪ್ರನ್ನಿನ ಜೇಬಿನಿಂದ ಗುರುತಿನ ಚೀಟಿ ತೆಗೆದು ನನ್ನ ಒದ್ದೆ ಮೇಜಿನ ಮೇಲೆ ಇಟ್ಟಳು. ನಮ್ಮ ಚೀಟಿಯಂಥದ್ದೇ ಚೀಟಿ, ಅದೇ ರಾಷ್ಟ್ರಚಿಹ್ನೆಯ ಸಿಂಹ.

"ಐದು ವರ್ಷ ಆಯ್ತು. ನಿಮಗೇ ಓಟು ಹಾಕಿದೀನಿ ಹಿನೆಕ್ ಅವರೇ. ಓಟಿನ ಕಾಗದ ಕೈಗೆ ಕೊಟ್ಟಿದ್ದು ಲಿಬೂಶಕ್ಕ."

ಮಾತೌಶ್ ಪಟ್ಟಿಯನ್ನು ಎಳೆದುಕೊಂಡು ಬೆರಳಿಟ್ಟು ಓದಿದ. ಎರಡನೇ ಹಾಳೆಯ ನಡುವೆ ಇತ್ತು: ನುಯೆನ್ ಥಿ ಥುಯ್, ಮನೆ ಸಂಖ್ಯೆ ಹದಿನೇಳು. ಹೊಡೆದು ಹಾಕಿರಲಿಲ್ಲ. ಫೋನೂ ಮಾಡಿರಲಿಲ್ಲ. ಅದನ್ನು ಟೈಪ್ ಮಾಡಿದ್ದು ನಾನು. ಆ ಹೆಸರಿನ ಮೇಲೆ ಕೆಳಗೆ ಬರುವ ಚುಕ್ಕೆ ಗೆರೆಗಳನ್ನೆಲ್ಲ ನನ್ನ ಕೈ ನೋಡದೇ ಹಾಕಬಲ್ಲದು. ಕಣ್ಣು ಮಾತ್ರ ಆ ಸಾಲನ್ನು ಮೂರು ಸಲ ದಾಟಿ ಹೋಗಿತ್ತು. ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು. ಆದರೆ ನಾಚಿಕೊಂಡು ಕೂರಲು ಸಮಯವೆಲ್ಲಿತ್ತು? ಗಂಟೆ ಮೂರಾಗಲು ಐದು ನಿಮಿಷ.

"ಸಹಿ ಹಾಕು ತಾಯಿ, ಇಲ್ಲಿ!" ಎಂದೆ.

"ಹಾಕ್ತೀನಿ. ಆದ್ರೆ ಐದನೇ ಹೆಸರಾಗಿ ಅಲ್ಲ." ಅವಳ ದನಿ ಗಟ್ಟಿಯಾಗಿತ್ತು. "ಉಳಿದ ಜಾಗಕ್ಕೆ ತುಂಬೋಕೆ ನಾನೇನು ಹಳೇ ಬಟ್ಟೆ ಚೂರಾ? ಮೊದಲನೇ ಹೆಸರು ನಂದು ಬರೀರಿ."

 ಮೊದಲ ಹೆಸರೆಂದರೆ ಮುಂದಿನ ಮೇಯರ್; ನಾಲ್ಕು ಚುನಾವಣೆಗಳಿಂದ ಅದು ಹಿನೆಕ್‌ನದು. ಅವನು ಕೆಂಪಾದ, ಕೆಮ್ಮಿದ, ಕಿಟಕಿಯಾಚೆ ನೋಡಿದ. ಮತ್ತೆ ನನ್ನ ಕಡೆ ತಿರುಗಿ ಗದರಿದ: "ನಿಂತುಕೊಂಡು ಏನು ನೋಡ್ತಿದೀಯ? ಟೈಪ್ ಮಾಡು! ನನ್ನನ್ನ ಕೊನೆಗೆ ಹಾಕು, ಕೂತುಕೊಳ್ಳೋಕೆ ಅದೇ ಸರಿ." ಆ ಮುದುಕನ ಮೇಲೆ ನನಗೆ ಆಗ ಉಕ್ಕಿಬಂದ ಪ್ರೀತಿಯನ್ನು ಅವನ ಮುಂದೆ ಎಂದಿಗೂ ಹೇಳುವುದಿಲ್ಲ.

ಮುದ್ರಣ ಯಂತ್ರ ಎರಡು ಹಾಳೆ ತಿಂದು ಮೂರನೆಯದನ್ನು ಬಿಟ್ಟುಕೊಟ್ಟಿತು. ಮೂರೂ ಹತ್ತು. ವಿಡ್ರೋವ್‌ಗೆ ನೇರ ದಾರಿ ಹನ್ನೊಂದು ಕಿಲೋಮೀಟರ್. ಆದರೆ ಸೇತುವೆ ಅಗೆದು ಹಾಕಿ ಆರು ವಾರವಾಗಿತ್ತು. ಸುತ್ತುದಾರಿ ಆಸ್ಟ್ರಿಯಾದ ಮೇಲೆ ಹೋಗುತ್ತಿತ್ತು. ನಮ್ಮದೇ ಪಟ್ಟಣಕ್ಕೆ ಪರದೇಶ ಸುತ್ತಿ ಹೋಗಬೇಕು, ಅದೂ ಕೊಯ್ಲಿನ ದಿನ, ಪ್ರತಿ ತಿರುವಿನಲ್ಲೂ ಟ್ರ್ಯಾಕ್ಟರ್.

"ಗಡಿ ಕಾವಲಿನ ಹಳೇ ರಸ್ತೆ!" ಎಂದು ಮಾತೌಶ್ ಹಾರಿ ನಿಂತ. "ಅಡ್ಡಗಂಬದ ಬೀಗದ ಕೈ ನಮ್ಮ ದಳದ ಹತ್ತಿರ ಇದೆ. ಕಾಡಿನೊಳಗೆ ಹದಿಮೂರು ಕಿಲೋಮೀಟರ್, ಒಂದು ನರಪಿಳ್ಳೇನೂ ಇರಲ್ಲ."

ಆ ರಸ್ತೆ ಕಮ್ಯುನಿಸ್ಟರ ಕಾಲದಲ್ಲಿ ನಾವು ಆಸ್ಟ್ರಿಯಾಕ್ಕೆ ಓಡಿಹೋಗದಿರಲಿ ಎಂದು ಸೈನಿಕರಿಗಾಗಿ ಹಾಕಿದ್ದು. ನನ್ನ ಯೌವನದಲ್ಲಿ ಅದರ ಹತ್ತಿರ ಅಣಬೆ ಆರಿಸಿದರೂ ಬಂದೂಕು ಹಿಡಿದವರು ಬರುತ್ತಿದ್ದರು. ಈಗ ಅದರ ಮೇಲೆ ನಾವು ನಾಲ್ವರು ಕೆಂಪು ಅಗ್ನಿಶಾಮಕ ಗಾಡಿಯಲ್ಲಿ ಹಾರಿಹೋಗುತ್ತಿದ್ದೆವು. ಕಾಡುಮರಗಳ ಕೊಂಬೆಗಳು ಗಾಜಿಗೆ ಬಡಿಯುತ್ತಿದ್ದವು, ಹಿಂದೆ ನೀರಿನ ಕೊಳವೆಗಳು ಕುಣಿಯುತ್ತಿದ್ದವು. ಹಿನೆಕ್ ಪ್ರತಿ ಗುಂಡಿಗೂ ಒಬ್ಬೊಬ್ಬ ಸಂತರ ಹೆಸರು ಹಿಡಿದು ಕೂಗುತ್ತಿದ್ದ. ಮಿಲೇನಾ, ಅಲ್ಲ, ಥುಯ್, ಕಾಗದದ ಕಡತವನ್ನು ಎದೆಗವಚಿಕೊಂಡು ನಗುತ್ತಿದ್ದಳು.

"ಸೈರನ್ ಹಾಕೋ ಮಾತೌಶ್!"

"ಬೆಂಕಿ ಎಲ್ಲಿದೆಯಕ್ಕ?"

"ನನ್ನ ಹೊಟ್ಟೇಲಿ ಇದೆ, ಹಾಕೋ!"

ಹಾಕಿದ. ಇಡೀ ಗಡಿ ಕಾಡು ಕೂಗಿತು. ಒಂದು ಜಿಂಕೆ ನಮ್ಮ ದೇಶದಿಂದ ಆಚೆ ದೇಶಕ್ಕೆ ಒಂದೇ ನೆಗೆತಕ್ಕೆ ಹಾರಿತು. ಐವತ್ತು ವರ್ಷ ಹಿಂದಕ್ಕೆ ಹೋಗಿಬಿಟ್ಟವಳಂತೆ ನಾನೂ ಸೈರನ್ನಿನ ಜೊತೆ ಕೂಗಿದೆ.

ಮೂರೂ ನಲವತ್ತಕ್ಕೆ ಕೊನೆಯ ಅಡ್ಡಗಂಬ. ಮಾತೌಶ್ ಇಳಿದು ಬೀಗದ ಕೈ ಹಾಕಿದ, ತಿರುಗಿಸಿದ, ಮತ್ತೆ ತಿರುಗಿಸಿದ. ಬೀಗ ಹೊಚ್ಚ ಹೊಸದು. ಪಟ್ಟಣದವರು ಬದಲಾಯಿಸಿದ್ದರು, ನಮಗೆ ಹೇಳಿರಲಿಲ್ಲ. ಮುಂದೆ ಇಳಿಜಾರು, ಮೂರು ಕಿಲೋಮೀಟರ್ ಕೆಳಗೆ ವಿಡ್ರೋವ್‌ನ ಚರ್ಚಿನ ಗೋಪುರ ಕಾಣುತ್ತಿತ್ತು. ಅಷ್ಟು ಹತ್ತಿರ. ನನಗೆ ಅಳುವೇ ಬಂತು.

ಅಡ್ಡಗಂಬದ ಆಚೆ ಬೆಂಚಿನ ಮೇಲೆ ಇಬ್ಬರು ವಯಸ್ಸಾದ ಆಸ್ಟ್ರಿಯನ್ನರು, ಗಂಡ ಹೆಂಡತಿ, ಬುತ್ತಿ ಬಿಚ್ಚಿ ಕೂತಿದ್ದರು. ಪಕ್ಕದಲ್ಲಿ ಎರಡು ಸೈಕಲ್, ಬ್ಯಾಟರಿಯವು. ನಾನು ಕಣ್ಣೊರೆಸುವಷ್ಟರಲ್ಲಿ ಥುಯ್ ಕಂಬದ ಕೆಳಗೆ ನುಸುಳಿ ಅವರ ಮುಂದಿದ್ದಳು. ಗಡಿಯಾಚೆಯ ಗಿರಾಕಿಗಳಿಗೆ ಹತ್ತೊಂಬತ್ತು ವರ್ಷ ಸಾಮಾನು ಮಾರಿದ ಜರ್ಮನ್ ಅವಳದು, ಚುರುಕಾಗಿತ್ತು. ಅವಳು ನಮ್ಮ ಊರಿನ ದಿಕ್ಕು ತೋರಿಸಿದಳು, ಗೋಪುರವನ್ನು ತೋರಿಸಿದಳು, ಗಡಿಯಾರ ತೋರಿಸಿದಳು. ಮುದುಕ ನಮ್ಮ ಗಾಡಿಯನ್ನು ನೋಡಿ ಏನೋ ಕೇಳಿದ.

"ವಾಪಸ್ ಬರ್ತೀರಿ ಅಂತ ಏನು ಗ್ಯಾರಂಟಿ ಅಂತಾರೆ," ಎಂದಳು ಥುಯ್.

"ನನ್ನನ್ನ ಇಟ್ಕೊಳ್ಳಲಿ," ಎಂದ ಹಿನೆಕ್, ಬೆಂಚಿನ ಮೇಲೆ ಧಪ್ಪನೆ ಕೂತು. "ಮೇಯರ್ ಅಂತ ಹೇಳು. ಬೆಲೆ ಕಮ್ಮಿಯಾದ್ರೆ ಅಗ್ನಿಶಾಮಕ ಗಾಡೀನೂ ಸೇರಿಸು."

ಮುದುಕಿ ಬಿದ್ದು ಬಿದ್ದು ನಕ್ಕಳು, ಅವನ ಕೈಗೆ ಒಂದು ಬೇಯಿಸಿದ ಮೊಟ್ಟೆ ಕೊಟ್ಟಳು. ವ್ಯವಹಾರ ಕುದುರಿತು.

ಪಟ್ಟಿಯ ಪ್ರತಿನಿಧಿಯಾಗಿ ಸಹಿ ಹಾಕಬೇಕಾದವಳು ನಾನು, ಹಾಗಾಗಿ ಹೋಗಲೇಬೇಕು. ಸೈಕಲ್ ಹತ್ತಿ ಇಪ್ಪತ್ತೆರಡು ವರ್ಷವಾಗಿತ್ತು. ಪೆಡಲ್ ತುಳಿದದ್ದೇ ತಡ, ಆ ಯಂತ್ರ ನನ್ನನ್ನು ಹೊತ್ತುಕೊಂಡು ಓಡಿತು. ಇಳಿಜಾರು, ಗಾಳಿ, ಗೋಧಿ ಹೊಲದ ಧೂಳು, ಮುಂದೆ ಥುಯ್‌ಳ ಹಾರುವ ಏಪ್ರನ್. "ಬ್ರೇಕು ಬಲಗೈಲಿದೆ ಅಕ್ಕ!" ಎಂದು ಅವಳು ಕೂಗಿದಳು. ಬ್ರೇಕು ಯಾರಿಗೆ ಬೇಕಿತ್ತು? ಚೌಕದಲ್ಲಿ ಪಾರಿವಾಳಗಳು ಚದುರಿದವು, ಐಸ್‌ಕ್ರೀಮ್ ಸಾಲಿನವರು ಗೋಡೆಗಂಟಿದರು. ನನ್ನ ಜೀವ ಬಾಯಿಗೆ ಬಂದಿತ್ತು, ಆದರೂ ಅಷ್ಟು ಸಂತೋಷವನ್ನು ನಾನು ತೊಂಬತ್ತರ ನಂತರ ಕಂಡಿರಲಿಲ್ಲ.

ಮೂರೂ ಐವತ್ತಾರು. ಕಿಟಕಿ ತೆರೆದಿತ್ತು. ಕಡತವನ್ನು ಒಳಗೆ ತಳ್ಳಿದೆ. ಹುಡುಗಿ ಒಂದೊಂದೇ ಹಾಳೆ ನೋಡಿದಳು: ಒಪ್ಪಿಗೆ ಪತ್ರ, ಸಹಿ, ದಿನಾಂಕ, ವಿಳಾಸ. ನನ್ನ ಸಹಿ ಹಾಕಿಸಿಕೊಂಡಳು. ಥುಯ್‌ಳ ಗುರುತಿನ ಚೀಟಿಯನ್ನು ತಿರುಗಿಸಿ ನೋಡಿದಳು. ಮೂರೂ ಐವತ್ತೊಂಬತ್ತಕ್ಕೆ ಮೊಹರು ಬಿತ್ತು, ಠಪ್ ಎಂದು. ನಾನು ಕಿಟಕಿಯ ಕಟ್ಟೆಗೆ ಹಣೆಯಿಟ್ಟೆ. ಉಳಿಯಿತು. ಊರು ಉಳಿಯಿತು.

"ಇವರು ನಿಮ್ಮೂರಿಗೆ ಹೊಸಬರಾ?" ಎಂದಳು ಹುಡುಗಿ, ಸುಮ್ಮನೆ ಕೇಳುವ ಹಾಗೆ.

"ಹತ್ತೊಂಬತ್ತು ವರ್ಷ ಆಯ್ತು," ಎಂದಳು ಥುಯ್.

"ಮತ್ತೆ ಮೊದಲೇ ಹಾಕಬಹುದಿತ್ತಲ್ಲ, ಈ ಓಡಾಟ ಯಾಕೆ?"

  ಥುಯ್ ನನ್ನ ಮುಖ ನೋಡಿದಳು, ಮತ್ತೆ ಹುಡುಗಿಗೆ, "ನನಗೇ ಪುರುಸೊತ್ತಿರಲಿಲ್ಲ, ಅಂಗಡಿ ನೋಡಿ," ಎಂದಳು.

ನಮ್ಮ ಮಾನ ಕಾಯಲು ಹೇಳಿದ ಆ ಸುಳ್ಳು ನನಗೆ ಕಪಾಳಕ್ಕೆ ಹೊಡೆದಂತಾಯಿತು.

"ಇಲ್ಲ," ಎಂದೆ. "ನಾವು ಇವಳನ್ನ ಕೇಳಲೇ ಇಲ್ಲ."

"ಹೋಗ್ಲಿ ಬಿಡಿ ಅಕ್ಕ. ಇವತ್ತು ಕೇಳಿದ್ರಲ್ಲ."

"ಇವತ್ತೂ ಕೇಳಿಲ್ಲ ಕಣೇ! ನೀನಾಗಿ ಬಂದೆ. ನಾನು ಸಹಿ ಹಾಕು ಅಂದೆ, ಅಷ್ಟೇ." ನಾನು ಸೀದಾ ನಿಂತೆ, ಬೆವರಿದ ಕೂದಲನ್ನು ಹಿಂದಕ್ಕೆ ತಳ್ಳಿದೆ. "ಥುಯ್, ನಮ್ಮೂರಿನ ಕೌನ್ಸಿಲ್ಲಿಗೆ ನಿಲ್ತೀಯಾ?"

ಕಿಟಕಿಯ ಹುಡುಗಿ ಮೊಹರನ್ನು ಹಿಡಿದುಕೊಂಡೇ ನೋಡುತ್ತಿದ್ದಳು. ಥುಯ್ ಏಪ್ರನ್ ಸರಿಮಾಡಿಕೊಂಡಳು. ಚೌಕದ ಕಡೆ ನೋಡಿದಳು. ಅವಳ ಕಣ್ಣು ತುಂಬಿತ್ತು. ಗಂಟೆ ನಾಲ್ಕು ಹೊಡೆಯತೊಡಗಿತು.

"ಯೋಚನೆ ಮಾಡಿ ಹೇಳ್ತೀನಿ," ಎಂದಳು, ಮೊಹರು ಬಿದ್ದ ಹಾಳೆಯ ಕಡೆ ನೋಡಿ ನಗುತ್ತ.