ಗಾಜಿಗೆ ಊದುವವರು

ಕಾಂತರಾಜ್ ಗಾಜಿನ ಬಿಲ್ಲೆಯನ್ನು ಬಾಯ ಹತ್ತಿರ ಹಿಡಿದು ಮೆಲ್ಲಗೆ ಉಸಿರು ಬಿಟ್ಟ. ಹಬೆ ಒಂದೇ ಸಮನಾಗಿ ಕೂತು, ಅಂಚಿನಿಂದ ನಡುವಿನವರೆಗೆ ಒಂದೇ ಸಮನಾಗಿ ಆರಿತು. ಎಲ್ಲೂ ಚುಕ್ಕೆಯಿಲ್ಲ, ಎಳೆಯಿಲ್ಲ. ಅದು ಅವನ ಗಾಜಲ್ಲ, ಆದಿಲಕ್ಷ್ಮಿಯದು.

ಮಾಲೂರಿನ ಕೈಗಾರಿಕಾ ಪ್ರದೇಶದ ಆ ಚಿಕ್ಕ ಕಾರ್ಖಾನೆಯಲ್ಲಿ ಮಸೂರಗಳಿಗೆ ಕೋಟಿಂಗ್ ಕೊಡುತ್ತಿದ್ದರು. ಗಾಳಿ ಹೊರಗೆಳೆದ ಉಕ್ಕಿನ ಗೂಡಿನೊಳಗೆ ಪುಡಿ ಕರಗಿ, ಆವಿಯಾಗಿ, ಗಾಜಿನ ಮೇಲೆ ಪದರದ ಮೇಲೆ ಪದರ ಕೂರಬೇಕು. ಸುತ್ತಲೂ ಹೆಂಚಿನ ಕಾರ್ಖಾನೆಗಳು. ಕಿಟಕಿ ಎಷ್ಟು ಬಿಗಿದರೂ ಕೆಂಪು ಧೂಳು ನುಸುಳುತ್ತಿತ್ತು. ಊದಿ ನೋಡಿದರೆ ಮಾತ್ರ ಕಣ್ಣಿಗೆ ಕಾಣದ ಕೊಳೆ ಹಬೆಯಲ್ಲಿ ಎದ್ದು ನಿಲ್ಲುತ್ತದೆ. ಆದಿಲಕ್ಷ್ಮಿಗೆ ಇದನ್ನು ಕಲಿಸಿದವನು ಕಾಂತರಾಜನೇ. ರಾಯಲ್ಪಾಡಿನಿಂದ ಐಟಿಐ ಮುಗಿಸಿ ಬಂದವಳು ಮೊದಲ ದಿನ ಉಫ್ ಎಂದು ಊದಿ ಎಂಜಲು ಸಿಡಿಸಿದ್ದಳು.

"ದೀಪ ಆರಿಸ್ತಿದ್ದೀಯೇನಮ್ಮಾ? ಚಳಿಗೆ ಕೈ ಬೆಚ್ಚಗೆ ಮಾಡ್ಕೊಳ್ಳಲ್ವಾ, ಹಂಗೆ. ಹಾ ಅನ್ನು," ಎಂದು ನಕ್ಕಿದ್ದ.

ಆಗ ನಗು ಬರುತ್ತಿತ್ತು. ಟೇಕಲ್‌ನಿಂದ ದಿನಾ ರೈಲು ಹತ್ತಿ ಬಂದು, ಸಂಜೆ ಪಾಲಿಟೆಕ್ನಿಕ್ಕಿನ ಬೆಂಚಿನ ಮೇಲೆ ತೂಕಡಿಸುತ್ತಲೇ ಡಿಪ್ಲೊಮಾ ಪಡೆದವನು ಅವನು. ಈಗಲೂ ಗೂಡಿನ ಬೀಗ ಹಾಕಿ ಹೊರಟ ಮೇಲೆ, ಹಾಕಿದೆನೋ ಇಲ್ಲವೋ ಎಂದು ಗೇಟಿನಿಂದ ವಾಪಸು ಬಂದು ನೋಡುವ ಸ್ವಭಾವ. ಅವಳು ಹಾಗಲ್ಲ. ತೆಲುಗಿನಲ್ಲಿ ಏನೋ ಹಾಡು ಗುನುಗುತ್ತಾ ಗೂಡು ಮುಚ್ಚುತ್ತಿದ್ದಳು. ಗಾಜು ತಾನಾಗಿಯೇ ಚೆನ್ನಾಗಿ ಬರುತ್ತಿತ್ತು.

ಬೆಂಗಳೂರಿನ ಸಂಶೋಧನಾ ಸಂಸ್ಥೆಯಿಂದ ಪ್ರಿಯಂವದಾ ಮೇಡಂ ಬರುವ ದಿನ ಅದು. ಹಾಲಿಗೆ ಬೆರೆಸಿದ್ದನ್ನು ಪತ್ತೆಹಚ್ಚುವ ಹೊಸ ಉಪಕರಣಕ್ಕೆ ಅವರಿಗೆ ಹಲವು ಪದರಗಳ ಗಾಜು ಬೇಕಿತ್ತು. ಮೇಲ್ವಿಚಾರಕ ಪೆದ್ದಪ್ಪ ಬೆಳಿಗ್ಗೆಯೇ ಹೇಳಿಬಿಟ್ಟಿದ್ದ: "ನೋಡ್ರಪ್ಪಾ, ಯಾರ್ ಗಾಜು ಪಾಸಾಗುತ್ತೋ ಅವ್ರಿಗೇ ಹೊಸ ಮಿಷನ್ನು. ಇನ್ನೊಬ್ರು ಅವ್ರ ಕೈಕೆಳಗೆ."

"ಕಾಂತರಾಜಣ್ಣಾ, ರಾ ಅಣ್ಣಾ, ಊಟ ಆರೋಗ್ತಿದೆ!" ಹೊರಗಿನಿಂದ ಆದಿಲಕ್ಷ್ಮಿ ಕೂಗಿದಳು. "ಮಾವಿನಕಾಯಿ ಚಿತ್ರಾನ್ನ ತಂದಿದೀನಿ."

"ಬಂದೆ," ಎಂದ. ಬಲಗೈಯ ಗವಸು ಕಳಚಿದ. ಹೆಬ್ಬೆರಳಿನ ಮೇಲೆ ಹಿಂದೊಮ್ಮೆ ಗಾಜು ಕೊಯ್ದ ಗಾಯದ ಓರೆ ಗೆರೆ. ಇಷ್ಟು ವರ್ಷ ಬರಿಗೈಯಲ್ಲಿ ಕೋಟಿಂಗ್ ಮುಟ್ಟಿದವರನ್ನೆಲ್ಲ ಬೈದಿದ್ದ. ಆ ಹೆಬ್ಬೆರಳನ್ನು ಅವಳ ಗಾಜಿನ ಮೇಲೆ ಒತ್ತಿ ಎತ್ತಿದ. ಬೆಳಕಿಗೆ ಹಿಡಿದರೆ ಏನೂ ಕಾಣಲಿಲ್ಲ. ಬಿಲ್ಲೆಯನ್ನು ಡಬ್ಬಿಯೊಳಗಿಟ್ಟು ಊಟಕ್ಕೆ ಹೋದ.

"ಇದೇನಣ್ಣಾ, ಕೋಳಿ ಕೆದಕ್ದಂಗೆ ಕೆದಕ್ತಿದ್ದೀರಾ? ಉಪ್ಪು ಜಾಸ್ತಿನಾ?"

"ಇಲ್ಲಮ್ಮಾ, ಚೆನ್ನಾಗಿದೆ."

ಅವಳು ತನ್ನ ಪಾಲಿನ ಕಡ್ಲೆಬೀಜವನ್ನೂ ಅವನ ತಟ್ಟೆಗೆ ಸರಿಸಿದಳು.

ಮಧ್ಯಾಹ್ನ ಒಳಕೋಣೆಯ ಪರದೆ ಎಳೆದು ಕತ್ತಲು ಮಾಡಿದರು. ಪ್ರಿಯಂವದಾ ಪ್ರಿಸಂಗೆ ಗಾಜು ಕೂರಿಸಿ ಕೆಂಪು ಲೇಸರ್ ಹಾಯಿಸಿದರು. ಗೋಡೆಗೆ ಅಂಟಿಸಿದ ಬಿಳಿ ಹಾಳೆಯ ಮೇಲೆ ಕೆಂಪು ಮಚ್ಚೆ ಮೂಡಿತು.

"ಒಂದೇ ಒಂದು ಕೋನದಲ್ಲಿ ಬೆಳಕು ವಾಪಸ್ ಬರದೆ ಗಾಜಿನ ಮೈ ಹಿಡ್ಕೊಂಡು ಓಡುತ್ತೆ. ಆಗ ಇಲ್ಲಿ ಕಪ್ಪು ಗೆರೆ ಕಾಣುತ್ತೆ. ಗಾಜಿನ ಮೇಲೆ ಏನೇ ಕೂತ್ರೂ ಆ ಗೆರೆ ಜರುಗುತ್ತೆ," ಎಂದರು. "ಗೆರೆ ಸಣ್ಣಗಿದ್ದಷ್ಟೂ ಒಳ್ಳೇದು."

ಕಾಂತರಾಜನ ಗಾಜಿನಲ್ಲಿ ಗೆರೆ ಕಾಡಿಗೆ ಒರೆಸಿದಂತೆ ಅಗಲವಾಗಿತ್ತು. "ಪರವಾಗಿಲ್ಲ," ಎಂದರು ಮೇಡಂ. ಆ ಮಾತಿನ ಅರ್ಥ ಅವನಿಗೆ ಗೊತ್ತಿತ್ತು. ಆದರೂ ಅವಳದು ಇನ್ನೂ ಕೆಟ್ಟದಾಗಿ ಬರುತ್ತದಲ್ಲ, ಎಂದುಕೊಂಡ.

ಆದಿಲಕ್ಷ್ಮಿ ಡಬ್ಬಿ ತೆರೆದು, ಮೇಜುದೀಪದ ಕೆಳಗೆ ಬಿಲ್ಲೆ ಹಿಡಿದು, ರೂಢಿಯಂತೆ ಹಾ ಎಂದಳು. ಹಬೆಯ ನಡುವೆ ಹೆಬ್ಬೆರಳ ಸುತ್ತುಗೆರೆಗಳು ಒಂದೊಂದಾಗಿ ಎದ್ದವು, ಅವುಗಳನ್ನು ಸೀಳಿದ ಓರೆ ಗೆರೆಯೊಂದಿಗೆ. ಅವಳು ಅದು ಪೂರ್ತಿ ಆರುವವರೆಗೂ ನೋಡಿದಳು. ತಲೆ ಎತ್ತಿದಾಗ ಕಾಂತರಾಜನ ಬಲಗೈ ಪ್ಯಾಂಟಿನ ಜೇಬಿನೊಳಗೆ ಇಳಿಯುತ್ತಿತ್ತು.

"ಏನಾಯ್ತಮ್ಮಾ?" ಪೆದ್ದಪ್ಪ ಕೇಳಿದ.

"ಏನಿಲ್ಲ ಸಾರ್. ಒಂದ್ ಕಲೆ. ಒರೆಸಿದ್ರೆ ಹೋಗುತ್ತೆ."

ಗಾಜು ಒರೆಸುವ ಅಸಿಟೋನಿನ ವಾಸನೆ ಕೋಣೆ ತುಂಬಿತು. ಅವಳು ಮತ್ತೆ ಊದಿ ನೋಡಿ, ಬಿಲ್ಲೆಯನ್ನು ಮೇಡಂ ಕೈಗೆ ಕೊಟ್ಟಳು. ಹಾಳೆಯ ಮೇಲೆ ಈ ಸಲ ಕೂದಲೆಳೆಯಂಥ ಕಪ್ಪು ಗೆರೆ ಮೂಡಿತು. ಪ್ರಿಯಂವದಾ "ಅಬ್ಬಾ!" ಎಂದು ಕನ್ನಡಕ ಸರಿಮಾಡಿಕೊಂಡರು.

"ಯಾರಾದ್ರೂ ಇದರ ಮೇಲೆ ಸ್ವಲ್ಪ ಊದಿ, ಜರುಗುತ್ತಾ ನೋಡೋಣ."

"ಕಾಂತರಾಜಣ್ಣ ಊದ್ಲಿ ಮೇಡಂ," ಎಂದಳು ಆದಿಲಕ್ಷ್ಮಿ. ಅವಳ ದನಿಯಲ್ಲಿ ಸಿಟ್ಟಾಗಲಿ ಕೊಂಕಾಗಲಿ ಇರಲಿಲ್ಲ. "ನಂಗೆ ಊದೋದು ಕಲ್ಸಿದ್ದೇ ಅವ್ರು."

"ಹೋಗ್ಲಾ ಕಾಂತ, ನಿಂತೇ ಇದ್ದೀಯಲ್ಲ," ಪೆದ್ದಪ್ಪ ಬೆನ್ನಿಗೆ ತಟ್ಟಿದ.

ಕಾಂತರಾಜ್ ಬಗ್ಗಿದ. ಕೈ ಜೇಬಿನಲ್ಲೇ ಇತ್ತು. ಹಾ ಎಂದ. ಕಪ್ಪು ಗೆರೆ ಬೆಚ್ಚಿದಂತೆ ಪಕ್ಕಕ್ಕೆ ಸರಿಯಿತು. ಹಬೆ ಆರಿದಂತೆ ನಿಧಾನವಾಗಿ ತನ್ನ ಜಾಗಕ್ಕೇ ಬಂದು ನಿಂತಿತು.

"ಎಷ್ಟು ಚೆನ್ನಾಗಿದೆ! ಇನ್ನೊಂದ್ಸಲ," ಎಂದರು ಪ್ರಿಯಂವದಾ.

ಅವನು ಬಾಯಿ ತೆರೆದ. ಊದಲಾಗಲಿಲ್ಲ. ಎದುರಿನ ಹಾಳೆಯ ಮೇಲೆ, ಕೆಂಪು ಬೆಳಕಿನ ನಡುವೆ, ಆ ಗೆರೆ ಅಲುಗದೆ ಕಾಯುತ್ತಿತ್ತು.